ಚಕ್ರದ ಮುಂದಿನ ನಿಂಬೆಹಣ್ಣು

ಬಿಡಿಭಾಗಗಳನ್ನು ತರಿಸಿಕೊಂಡು, ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಮನೆಯ ಗ್ಯಾರೇಜಿನಲ್ಲಿ ಶ್ರೀಕಂಠ ತಾನೇ ಕಾರು ಕಟ್ಟಲು ಹೊರಟು ವರ್ಷಗಳೇ ಉರುಳಿದ್ದವು. ಎಂಜಿನ್ನೇ ಇಲ್ಲದ ಆ ಅಸ್ಥಿಪಂಜರಕ್ಕೂ ಹೆಂಡತಿ ವಾರಿಜಾ ಪ್ರತಿ ಆಯುಧಪೂಜೆಗೆ ಕುಂಕುಮವಿಟ್ಟು, ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದಳು.

"ಓಡದ ಕಾರಿಗೆ ಯಾಕೆ ಇದೆಲ್ಲ?" ಎಂದು ಅವನು ರೇಗುತ್ತಿದ್ದ.

"ನೀವು ಮೊದ್ಲು ಮುಗಿಸಿ. ಹಣ್ಣಿನ ಮೇಲೆ ಹತ್ತಿಸ್ಕೊಂಡು ಇಬ್ರೂ ಒಂದು ರೌಂಡ್ ಹೋಗೋಣ" ಎನ್ನುತ್ತಿದ್ದಳು.

ಕಳೆದ ಹಬ್ಬದ ಹಣ್ಣು ಒಣಗುವ ಮೊದಲೇ ಅವಳು ತೀರಿಕೊಂಡಳು. ಆಮೇಲೆ ಅವನು ಹಟಕ್ಕೆ ಬಿದ್ದವನಂತೆ ದುಡಿದ. ಹಣ್ಣುಗಳನ್ನು ಮಾತ್ರ ಮುಟ್ಟಲಿಲ್ಲ.

ಇಂದು ಬೆಳಗ್ಗೆ ಎಂಜಿನ್ ಗುಡುಗಿತು. ಮಗಳು ಪೂರ್ವಿ ಗೇಟು ತೆರೆದು ಕುಣಿದಳು. "ಕಮ್ ಲಾ, ಅಪ್ಪಾ! ಡ್ರೈವ್!"

ಗೇರು ಹಾಕಹೊರಟವನು ಹೊರಗೆ ಬಗ್ಗಿ ನೋಡಿದ. ಕಪ್ಪಗೆ ಮುರುಟಿದ ಹಣ್ಣು ವಾರಿಜಾ ಇಟ್ಟಲ್ಲೇ ಕೂತಿತ್ತು. ಎತ್ತಿ ಎಸೆಯಲು ಕೈ ಬರಲಿಲ್ಲ, ಅವಳಿಲ್ಲದೆ ಅದರ ಮೇಲೆ ಹತ್ತಿಸಲು ಮನಸ್ಸೂ ಬರಲಿಲ್ಲ. ಎಂಜಿನ್ ಆರಿಸಿ ಇಳಿದ.

"ವಾಟ್ ಹ್ಯಾಪನ್ಡ್, ಅಪ್ಪಾ?"

"ಇನ್ನೂ ಸ್ವಲ್ಪ ಕೆಲಸ ಇದೆ ಕಣಮ್ಮಾ" ಎಂದವನು ಬಾನೆಟ್ ಎತ್ತಿ, ನಿನ್ನೆ ತಾನೇ ಬಿಗಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.