ನಾತದ ಪರೀಕ್ಷೆ

ಜೊತೆಯವನೊಬ್ಬ ಚರಂಡಿ ಗುಂಡಿಯೊಳಗೆ ವಿಷಗಾಳಿ ಕುಡಿದು ಸತ್ತ. ಆಮೇಲೆ ನಾವೆಲ್ಲ ಕೂಡಿ ಮುಖಕ್ಕೆ ಬಿಗಿದುಕೊಳ್ಳುವ ಮಾಸ್ಕು ಕೇಳಿದೆವು. ಗುತ್ತಿಗೆದಾರ ಸಿಡುಕಿದ.

"ನಿಮಗೆ ನಾತ ತಾಗುತ್ತೋ ಇಲ್ವೋ, ಮೊದಲು ಪರೀಕ್ಷೆ ಆಗ್ಲಿ."

ಪರೀಕ್ಷೆಗೆ ಹೋದವನು ನನ್ನ ಭಾವ, ಅಕ್ಕನ ಗಂಡ. ಮೈಮೇಲಿನ ಲೋಹವನ್ನೆಲ್ಲ ತೆಗೆಸಿ ಅವನನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದರು. ಮೂಗಿನ ಹೊಳ್ಳೆಗಳಿಗೆ ಪ್ಲಾಸ್ಟಿಕ್ ಕೊಳವೆ. ಅದರ ಇನ್ನೊಂದು ತುದಿ ಪಕ್ಕದ ಕೋಣೆಯಲ್ಲಿದ್ದ ಸೀಸೆಗಳಿಗೆ. ಡಾಕ್ಟರಮ್ಮ ಸ್ವಿಚ್ಚು ಒತ್ತಿದಾಗ ಗಾಳಿಯ ಜೊತೆ ಒಮ್ಮೆ ಮಲ್ಲಿಗೆಯ ವಾಸನೆ, ಒಮ್ಮೆ ಕೊಳೆತ ನಾತ ಬರುತ್ತಿತ್ತು. ಆಗ ಮಿದುಳಿನಲ್ಲಿ ಏನಾಗುತ್ತದೆಂದು ಯಂತ್ರ ಚಿತ್ರ ತೆಗೆಯುತ್ತಿತ್ತು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು, ಭಾವ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅಕ್ಕ ನಕ್ಕಳು. ಅವಳೂ ನಮ್ಮ ಜೊತೆ ಗುಂಡಿಯಿಂದ ಬಕೆಟ್ ಎಳೆಯುವವಳೇ.

ಮರುವಾರ ಗುತ್ತಿಗೆದಾರ ಡಾಕ್ಟರಮ್ಮನನ್ನು ಕರೆದುಕೊಂಡು ನಾವು ಕೆಲಸ ಮಾಡುತ್ತಿದ್ದ ರಸ್ತೆಗೇ ಬಂದ.

"ನೋಡ್ರಪ್ಪಾ, ಮಲ್ಲಿಗೆ ಬಿಟ್ಟಾಗ ಇವನ ಮಿದುಳು ಎದ್ದು ಕೂತಿದೆ. ನಾತ ಬಿಟ್ಟಾಗ ಅಲ್ಲಾಡೇ ಇಲ್ಲ. ನಿಮ್ಮ ಮೈಗೆ ಅದು ಒಗ್ಗಿಹೋಗಿದೆ. ಮಾಸ್ಕು ಯಾಕೆ ದಂಡಕ್ಕೆ? ಇಳೀರಿ."

ಭಾವನ ಮುಖ ಕಪ್ಪಿಟ್ಟಿತು.

"ನಾನು ಉಸಿರೇ ಎಳ್ಕೊಂಡಿಲ್ಲ ಸ್ವಾಮಿ."

"ಏನಂದೆ?"

"ನಾತ ಬಂತು ಅಂದ್ರೆ ಉಸಿರು ಕಟ್ಟೋದು ನಮ್ಮ ಕೆಲಸದ ಮೊದಲ ಪಾಠ. ಕಟ್ಟದವನು ಮೇಲೆ ಬರಲ್ಲ. ಕೊಳವೇಲಿ ನಾತ ಬಂದಾಗ್ಲೂ ಹಾಗೇ ಕಟ್ಟಿದೆ."

"ಉಸಿರಾಡ್ತಾ ಇರಿ ಅಂತ ಹೇಳಿದ್ದೆನಲ್ಲ" ಎಂದರು ಡಾಕ್ಟರಮ್ಮ.

"ಹೇಳಿದ್ರಿ ತಾಯಿ. ಎದೆ ಕೇಳಬೇಕಲ್ಲ."

ಡಾಕ್ಟರಮ್ಮ ತಲೆ ತಗ್ಗಿಸಿ, ಹಾಗಿದ್ದರೆ ಪರೀಕ್ಷೆ ಇನ್ನೊಮ್ಮೆ ಆಗಬೇಕು ಎಂದರು. ದೊಡ್ಡ ದನಿಯಲ್ಲಿ ಹೇಳುವ ಧೈರ್ಯ ಅವರಿಗಿರಲಿಲ್ಲ. ಗುತ್ತಿಗೆದಾರ ಬೇಡವೆಂದು ಕೈ ಬೀಸಿದ.

"ಇನ್ನೊಮ್ಮೆನೂ ಇಲ್ಲ, ಮತ್ತೊಮ್ಮೆನೂ ಇಲ್ಲ. ಬಂದದ್ದು ಬಂತು. ಇಳಿಯೋ ಲೇ!"

ನನ್ನ ಮೈ ಉರಿದುಹೋಯಿತು. ಭಾವನ ಸೊಂಟಕ್ಕೆ ಕಟ್ಟಿದ್ದ ಇದೇ ಹಗ್ಗದಲ್ಲಿ ಸತ್ತವನನ್ನು ಮೇಲೆಳೆದವನು ನಾನು. ಅಷ್ಟರಲ್ಲಿ ಅಕ್ಕ ಆ ಹಗ್ಗ ಬಿಚ್ಚಿ ಗುತ್ತಿಗೆದಾರನ ಕಾಲ ಬಳಿ ಎಸೆದಳು.

"ನಿಮ್ಮ ಮಿದುಳಿನ ಪರೀಕ್ಷೇನೂ ಆಗ್ಲಿ. ನೀವಿಳೀರಿ. ನಾವು ಮೇಲೆ ನಿಂತು ಹಗ್ಗ ಹಿಡ್ಕೋತೀವಿ."

ಅವನು ನಮ್ಮ ಮುಖ ನೋಡಿದ, ಆಮೇಲೆ ನಮ್ಮ ಕೈಗಳನ್ನು ನೋಡಿದ. ನಾವೆಲ್ಲ ರಸ್ತೆಯಲ್ಲೇ ಕೂತುಬಿಟ್ಟೆವು. ಬೇರೆಯವರನ್ನು ಕರೆಸ್ತೀನಿ ಎಂದು ಅವನು ಕೂಗಾಡಿದ. ಪಕ್ಕದ ರಸ್ತೆಯಲ್ಲಿ ಗುಂಡಿಗೆ ಇಳಿಯುವವರು ಆಗಲೇ ಬಂದು ನಮ್ಮ ಪಕ್ಕ ಕೂತಿದ್ದರು. ಕಟ್ಟಿಕೊಂಡಿದ್ದ ಗುಂಡಿ ಉಕ್ಕಿ, ಹೊಲಸು ನೀರು ಅವನ ಬೂಟಿನತ್ತ ಹರಿಯಿತು. ನಮ್ಮಲ್ಲಿ ಯಾರೂ ಏಳಲಿಲ್ಲ.