ಡೆಕ್ಕಿನ ಹಲಗೆಯ ಬೂದಿ

"ದರಿದ್ರದವಳೇ, ಮತ್ತೆ ಹೊಗೆ ಎಬ್ಬಿಸಿದ್ಯಾ? ಪಕ್ಕದ್ಮನೆಯವ್ರು ಕಂಪ್ಲೇಂಟ್ ಮಾಡಿದಾರೆ. ಇನ್ಸ್‌ಪೆಕ್ಟರ್ ಬಂದಿದಾನೆ. ಬಾಯ್ಮುಚ್ಕೊಂಡಿರು."

ರಾಜಲಕ್ಷ್ಮಿ ಮೂಗಿಗೆ ಶಾಲು ಒತ್ತಿಕೊಂಡು ಬೇಸ್‌ಮೆಂಟಿನ ಮೆಟ್ಟಿಲ ಮೇಲೇ ನಿಂತಿದ್ದಳು. ಕೆಳಗೆ ಬಸವ್ವ ದೇವರ ಹಿತ್ತಾಳೆ ತಟ್ಟೆಗಳಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು.

"ಒಲಿ ಹಚ್ಚಲಿಲ್ಲಂದ್ರ ಸೆಟದ ಸಾಯ್ತೀನ್ರಿ ಅಮ್ಮಾರ."

"ಹೀಟರ್ ಗಾಳಿ ಬಿಟ್ರೆ ನಿನ್ನ ಒಗ್ಗರಣೆ ನಾತ ಬೆಡ್‌ರೂಮಿಗೆಲ್ಲ ಬರತ್ತೆ."

ಅಡುಗೆ ಮಾಡುವುದು, ಮಲಗುವುದು ಎಲ್ಲ ಬಸವ್ವನಿಗೆ ಈ ನೆಲಮಾಳಿಗೆಯಲ್ಲೇ. ವಾಸನೆ ಮೇಲೇರದಿರಲೆಂದು ಬಿಸಿಗಾಳಿಯ ಕೊಳವೆ ಮುಚ್ಚಿಸಿದ್ದರು. ಉಳಿದದ್ದು ಹಿಂದಿನವರು ಬಿಟ್ಟುಹೋದ ಕಬ್ಬಿಣದ ಕಟ್ಟಿಗೆ ಒಲೆ. ಬಾಣಂತನಕ್ಕೆಂದು ಬಾಗಲಕೋಟೆ ಕಡೆಯಿಂದ ಅಮೆರಿಕದ ಕ್ಲಾರ್ಕ್ಸ್‌ಬರ್ಗಿಗೆ ಕರೆಸಿಕೊಂಡಿದ್ದವರು, ಕೂಸು ಓಡಾಡುವಂತಾದರೂ ಅವಳನ್ನು ಊರಿಗೆ ಕಳಿಸಿರಲಿಲ್ಲ. ಪಾಸ್‌ಪೋರ್ಟ್ ರಾಜಲಕ್ಷ್ಮಿಯ ಗಂಡ ಹರಿಪ್ರಸಾದನ ಬೀರುವಿನಲ್ಲಿತ್ತು.

ಇನ್ಸ್‌ಪೆಕ್ಟರ್ ಹೊಗೆ-ಬೆಂಕಿ ತಪಾಸಣೆಯ ಸರ್ಕಾರಿ ನೌಕರ, ಎತ್ತರದ ಮುದುಕ. ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿದವನು, ಯಾರೂ ಹೇಳದೆಯೇ ಬೂಟು ಬಿಚ್ಚಿ ಕೆಳಗೆ ಬಂದಿದ್ದ. ಹಿತ್ತಿಲ ಮರದ ಜಗಲಿ, ಆ ಡೆಕ್ಕು, ಕಿತ್ತು ತುಂಡರಿಸಿದ ಹಸಿರುಗಟ್ಟಿದ ಹಲಗೆಗಳು ಒಲೆಯ ಪಕ್ಕ ರಾಶಿ ಬಿದ್ದಿದ್ದವು. ಹರಿಪ್ರಸಾದ ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದ. ನಡುವೆ ತನ್ನ ಹೆಸರು ಬಂದದ್ದಷ್ಟೇ ಬಸವ್ವನಿಗೆ ತಿಳಿಯಿತು.

ಅವನು ಅವಳತ್ತ ತಿರುಗಿದ. "ಕೈ ಮುಗಿ. ನಂಗೊತ್ತಿಲ್ದೆ ನೀನೇ ತಂದು ಸುಟ್ಟೆ ಅಂತ ಹೇಳಿದೀನಿ."

ಮುದುಕ ಜೇಬಿಗೆ ಕೈ ಹಾಕಿದ. ಫೋನ್ ಹಚ್ಚಿ ಮೇಜಿನ ಮೇಲಿಟ್ಟ. ಅದರೊಳಗಿಂದ ಊರ ಕಡೆಯ ದನಿ ಬಂತು.

"ಶರಣ್ರೀ ಅವ್ವಾ. ನಾ ಸಿದ್ಧಲಿಂಗೇಶ. ಅವ್ರ ಮಾತು ನಿಮಗ, ನಿಮ್ಮ ಮಾತು ಅವ್ರಿಗೆ ಹೇಳಾಂವ. ಮೊದ್ಲ ಕೇಳಾಕತ್ತಾರ, ನಿಮಗಲ್ಲಿ ಥಂಡಿ ಆಗ್ತೈತೇನು?"

ಈ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಬಸವ್ವ ಫೋನಿನತ್ತ ಬಗ್ಗಿದಳು.

"ಆಗ್ತೈತ್ರಿ. ಹಲಗಿ ನಾ ಕದ್ದಿಲ್ಲ. ಸಾಹೇಬ್ರ ಕೊಟ್ಟು ಒಲಿಗೆ ಹಾಕು ಅಂದ್ರು."

"ಸುಳ್ಳು ಬೊಗಳ್ಬೇಡ, ಮುಂಡೇದೇ," ಎಂದ ಹರಿಪ್ರಸಾದ.

ಫೋನು ಅದನ್ನೂ ಇಂಗ್ಲಿಷಿಗೆ ತಿರುಗಿಸಿತು. ಮುದುಕ ತಲೆಯೆತ್ತಿ ಹರಿಪ್ರಸಾದನನ್ನು ನೋಡಿದ. ಆಮೇಲೆ ಅವನ ಕಣ್ಣು ಬಸವ್ವನ ಕೈಮೇಲೆ ಬಿತ್ತು.

"ಅವ್ವಾ, ಕೈಯಾಗ ಬೂದಿ ಏನು ಅಂತಾರ."

"ಭಾಂಡೆ ತಿಕ್ಕೋದ್ರಿ. ಈ ಒಲೀದ."

ಮುದುಕ ಹೇಳಿದ್ದನ್ನು ಫೋನು ತಿಳಿಸಿತು. "ಹುಳ ಹಿಡೀಬಾರ್ದಂತ ಆ ಹಲಗಿಗೆ ವಿಷ ಕುಡಿಸಿರ್ತಾರಂತ. ಹೊಗಿನೂ ವಿಷ, ಬೂದಿನೂ ವಿಷ. ಮುಟ್ಟಬ್ಯಾಡ್ರಿ."

ಮೆಟ್ಟಿಲ ಮೇಲಿಂದ ರಾಜಲಕ್ಷ್ಮಿ ಚೀರಿದಳು. "ರೀ, ತೀರ್ಥದ ಬಟ್ಲೂ ಅದ್ರಲ್ಲೇ ತೊಳೀತಾಳೆ. ಪಾಪು ದಿನಾ ತೀರ್ಥ ಕುಡಿಯತ್ತಲ್ರೀ."

ಗಂಡಹೆಂಡಿರು ಮೇಲಕ್ಕೆ ಓಡಿದರು. ಕಾರು ಆಸ್ಪತ್ರೆಗೆ ಹೊರಟ ಸದ್ದು ಕೇಳಿತು. ಬಸವ್ವ ಸೀಳುಬಿದ್ದ ಕೈಗಳನ್ನು ಮುಂದೆ ಹಿಡಿದು ನಿಂತೇ ಇದ್ದಳು. ಮುದುಕ ನಲ್ಲಿ ತಿರುಗಿಸಿ, ನೀರು ಬಿಸಿಯಾಯಿತೇ ಎಂದು ತಾನೇ ಮುಟ್ಟಿ ನೋಡಿ, ತೊಳೆದುಕೊಳ್ಳಲು ಸನ್ನೆ ಮಾಡಿದ. ನಂತರ ಒಲೆಯ ಬಾಯಿಗೆ ಕೆಂಪು ಚೀಟಿ ಅಂಟಿಸಿದ. ಇನ್ನು ಹಚ್ಚುವಂತಿಲ್ಲ.

"ಒಲಿ ಬಂದಾತು. ನಾ ಎಲ್ಲಿ ಮಲಗ್ಲಿ, ಕೇಳಪಾ."

ಮುದುಕ ಕೈಗಡಿಯಾರ ನೋಡಿ ಫೋನಿಗೆ ಏನೋ ಹೇಳಿದ.

"ಅದು ಬ್ಯಾರೆ ಆಫೀಸಂತವ್ವಾ. ಅವ್ರಿಗೆ ಇವತ್ತ ತಿಳಸ್ತಾರಂತ. ಸೋಮವಾರ ಬರಬಹುದಂತ."

ಅಂದು ಶುಕ್ರವಾರ.

ಆಸ್ಪತ್ರೆಯಿಂದ ಮರಳಿದವರು ಬಾಗಿಲಲ್ಲೇ ನಿಂತರು. ಪಡಸಾಲೆಯ ನಟ್ಟನಡುವೆ, ನೆಲದ ಜಾಲರಿಯಿಂದ ಬಿಸಿಗಾಳಿ ಏಳುವ ಕಡೆ, ಬಸವ್ವ ಕೌದಿ ಹಾಸಿ ಮಲಗಿದ್ದಳು.

"ಏಳೇ. ಕೆಳಗ್ಹೋಗು," ಎಂದ ಹರಿಪ್ರಸಾದ.

"ಹೋಗಂಗಿಲ್ರಿ. ಕೆಳಗ ನೀವ ಮಲಗ್ರಿ."

ಅವನು ರಟ್ಟೆ ಹಿಡಿದೆಳೆಯಲು ಬಗ್ಗಿದ.

"ಮುಟ್ಬೇಡ್ರೀ ಅವಳನ್ನ," ರಾಜಲಕ್ಷ್ಮಿ ಕೂಸನ್ನು ಎದೆಗವಚಿಕೊಂಡಳು. "ಮೈಯೆಲ್ಲ ವಿಷ."

ಅವನ ಕೈ ಗಾಳಿಯಲ್ಲೇ ನಿಂತಿತು. ಬಸವ್ವ ಒಂದು ಕ್ಷಣ ಆ ಕೈಯನ್ನೇ ನೋಡಿ, ಬೆಚ್ಚನೆಯ ಮಗ್ಗುಲಿಗೆ ಹೊರಳಿದಳು.