ಮೋಹಾನ ತರ್ಜುಮೆ

"ಏನೇ, ಕನ್ನಡಿ ತೊಳೀತಿದೀಯೋ, ನಿನ್ ಮೂತಿ ನೋಡ್ಕತಿದೀಯೋ? ಉಜ್ಜೇ ಬೇಗ, ಮುಂಡೇದೇ!"

ಮೇಸ್ತ್ರಿ ಕೂಗಿದ. ತೂದಾ ಉದ್ದ ಕೋಲಿನ ಬ್ರಷ್ಷನ್ನು ಮತ್ತೆ ಎತ್ತಿದಳು. ಅಟ್ಲಾಸ್ ಬೆಟ್ಟದ ಬುಡದವರೆಗೂ ಬಿಸಿಲು ಹಿಡಿಯುವ ಸಾಲುಗನ್ನಡಿಗಳು ಕಣ್ಣು ಕುಕ್ಕುತ್ತಿದ್ದವು.

ಈ ನೆಲದಲ್ಲಿ ಮೊದಲು ಅವಳ ಊರಿನ ಕುರಿಗಳು ಮೇಯುತ್ತಿದ್ದವು. ಸೌರ ಸ್ಥಾವರಕ್ಕೆ ಬಿಟ್ಟುಕೊಡಿ, ಮನೆಗೊಂದು ಟೆಕ್ನಿಷಿಯನ್ ಕೆಲಸ, ತಿಂಗಳ ಸಂಬಳ, ನೀವೂ ಪಟ್ಟಣದವರ ಹಾಗೆ ಬಾಳಬಹುದು ಎಂದು ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡವನು ಅವಳ ಸೋದರಮಾವನ ಮಗ ಮೋಹಾ. ಅದನ್ನು ನಂಬಿ ತೂದಾ ಎಂಟು ತಿಂಗಳು ಫ್ರೆಂಚಿನಲ್ಲೇ ಪಾಠ ಕಲಿತು ಸರ್ಟಿಫಿಕೇಟು ತಂದಳು. ಟೆಕ್ನಿಷಿಯನ್ನರು ರಾಜಧಾನಿಯಿಂದ ಬಂದರು. ಅವಳ ಕೈಗೆ ಬ್ರಷ್ಷು ಬಂತು. ಮೋಹಾ ಕಂಪನಿಯ ದುಭಾಷಿಯಾದ.

ಅವನೇ ಈಗ ಟೆಕ್ನಿಷಿಯನ್ನರ ಬಿಳಿ ಕೋಟು ಹಿಡಿದು ಓಡಿಬಂದ.

"ಹಾಕ್ಕಳಮ್ಮಿ ಬೇಗ. ಯೋಜನೆಗೆ ದುಡ್ಡು ಹಾಕಿರೋ ಮೇಡಮ್ಮು ಬಂದವ್ರೆ. ನಮ್ ಭಾಷೇಲೇ ಎಲ್ಡು ಒಳ್ಳೆ ಮಾತಾಡು. ಖಾಯಂ ಪಟ್ಟೀಲಿ ನಿನ್ ಹೆಸ್ರು ಬರುಸ್ತೀನಿ."

"ಹೋದ್ ವರ್ಸಾನೂ ಇದೇ ಬೊಗಳಿದ್ದೆ."

"ಈ ಸಲ ನಮ್ಮವ್ವನಾಣೆ!"

"ನಿಮ್ಮವ್ವ ಸತ್ತು ಆರು ವರ್ಸಾಯ್ತಲ್ಲೋ, ಕಳ್ ನನ್ಮಗ್ನೆ."

ಆದರೂ ಕೋಟು ತೊಟ್ಟಳು. ಹೆಸರು ಬಂದರೂ ಬಂದೀತು.

ಮೇಡಂ ಮ್ಯಾನೇಜರ್ ಜೊತೆ ನಗುಮುಖದಿಂದ ಬಂದು, ಕೆಲಸ ಹೇಗಿದೆ ಎಂದು ಫ್ರೆಂಚಿನಲ್ಲಿ ಕೇಳಿದಳು; ಮೋಹಾ ಅದನ್ನು ತಮ್ಮ ಭಾಷೆಗೆ ತಿರುಗಿಸಿದ. ತೂದಾ ಹೊಗಳಲೆಂದೇ ಬಾಯಿ ತೆರೆದಳು. ಹೊರಟಿದ್ದು ಬೇರೆ.

"ಓದಿದ್ದು ಟೆಕ್ನಿಷಿಯನ್ಗೆ, ಹಿಡ್ದಿದ್ದು ಬ್ರಷ್ಷು. ಮೂರ್ ತಿಂಗ್ಳಿಗೊಂದ್ಸಲ ಕೆಲ್ಸದಿಂದ ತೆಗೀತಾರೆ, ಕಾಲಿಗ್ ಬಿದ್ರೆ ಸೇರುಸ್ಕತಾರೆ. ಬಿಸ್ಲು ನಮ್ಗೆ, ನೆಳ್ಳು ಇವ್ರಿಗೆ."

ಮೋಹಾ ಮುಖದ ನಗು ಕದಲಿಸದೆ ಫ್ರೆಂಚಿಗೆ ತಿರುಗಿಸಿದ: "ಓದಿಗೆ ತಕ್ಕ ಕೆಲಸ ಸಿಕ್ಕಿದೆಯಂತೆ. ಈ ಬಿಸಿಲೇ ನಮಗೆ ನೆರಳಾಯಿತು ಅನ್ನುತ್ತಾಳೆ."

ಮೇಡಂ ಕಣ್ಣು ಒದ್ದೆಯಾಯಿತು. ನೆರಳಿನ ಮಾತನ್ನು ಬರೆದುಕೊಂಡಳು. ಮ್ಯಾನೇಜರ್ ಚಪ್ಪಾಳೆ ತಟ್ಟಿದ.

ತೂದಾ ಫ್ರೆಂಚ್ ಪಾಠವನ್ನು ಗಿಳಿಯಂತೆ ಒಪ್ಪಿಸಿ ಪಾಸಾದವಳೆಂದೇ ಮೋಹಾ ತಿಳಿದಿದ್ದ.

"ಸುಳ್ಳು," ಎಂದಳು ಅವಳು, ಫ್ರೆಂಚಿನಲ್ಲಿ. "ನಾನು ಕನ್ನಡಿ ತೊಳೆಯುವವಳು. ಈ ಕೋಟು ನನ್ನದಲ್ಲ."

ಮೇಡಂ ಪೆನ್ನು ನಿಂತಿತು. ಮ್ಯಾನೇಜರ್ ದುರುಗುಟ್ಟಿದ. ದಿಕ್ಕು ತೋಚದ ಮೋಹಾ ಅವಳ ಫ್ರೆಂಚನ್ನೂ ತರ್ಜುಮೆ ಮಾಡಹೊರಟ: "ಅವಳು ಹೇಳುವುದೇನೆಂದರೆ..."

ತೂದಾ ಒದ್ದೆ ಅಂಗೈಯಿಂದ ಅವನ ಬಾಯಿ ಮುಚ್ಚಿ, ಮತ್ತೆ ಮೊದಲಿಂದ ಹೇಳತೊಡಗಿದಳು.